ವಧು ಮೇಲೆ ಹಾದುಹೋಗುವ ಬಸ್ಸುಗಳು

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಈ ಸಲ ಕೀಲಿಮಣೆಯಲ್ಲಲ್ಲ, ಪೆನ್ನಿನಲ್ಲಿ.

ಮೊಬೈಲಿಗೆ ಯಾರೋ ಪುಣ್ಯಾತ್ಮರು ‘ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಶಾರ್ಟ್‌ಕಟ್‌ಗಳು’ ಎಂಬ ಪಟ್ಟಿ ಕಳಿಸಿದ್ದರು. ನಾನು ನಿವೃತ್ತ ಕನ್ನಡ ಮಾಸ್ತರ. ಪಟ್ಟಿ ಸಿಕ್ಕರೆ ಬಾಯಿಪಾಠ ಮಾಡದೆ ಬಿಡುವವನಲ್ಲ. ಕಂಟ್ರೋಲ್ ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟು, ಝಡ್ ಒತ್ತಿದರೆ ಮಾಡಿದ ತಪ್ಪು ಮಾಯ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕಂಟ್ರೋಲ್ ಎಚ್. ಒಂದು ಶಬ್ದ ಕೊಟ್ಟು, ಅದರ ಬದಲು ಇನ್ನೊಂದು ಕೊಟ್ಟು, ‘ಎಲ್ಲ ಬದಲಿಸು’ ಎಂದರೆ ಇಡೀ ಬರಹ ಕ್ಷಣದಲ್ಲಿ ತಿದ್ದುಪಡಿಯಾಗುತ್ತದೆ. ಆಯುಷ್ಯವಿಡೀ ಕೆಂಪು ಶಾಯಿಯಲ್ಲಿ ತಿದ್ದಿದವನಿಗೆ ಇದು ಮೋಕ್ಷ!

ಅದೇ ವಾರ ನನ್ನ ತಂಗಿ ಶಾಂತಾಳ ಮಗಳು ಅಂಬಿಕಾಳ ಮದುವೆ ಗೊತ್ತಾಯಿತು. ತಂಗಿಯ ಮನೆ ನಮ್ಮಂತೆಯೇ ಬಸವಕಲ್ಯಾಣದಲ್ಲಿ. ವರನ ಊರು ಹುಮನಾಬಾದ ತಾಲೂಕಿನ ಹುಡಗಿ. ಹೌದು, ಊರಿನ ಹೆಸರೇ ಹುಡಗಿ. ಮದುವೆಯೂ ಅಲ್ಲಿಯೇ. ಲಗ್ನಪತ್ರಿಕೆ ಬರೆಯುವ ಹೊಣೆಯನ್ನು ನಾನಾಗಿಯೇ ಹೊತ್ತುಕೊಂಡೆ.

ತಂಗಿ ಫೋನಿನಲ್ಲಿ ಹೇಳುತ್ತ ಹೋದಳು: ಹುಡಗಿ ಹೆಸರು ಇಂಥದು, ಹುಡಗಿ ತಂದೆ ಇಂಥವರು. ನಮ್ಮ ಕಡೆ ಬಾಯಲ್ಲಿ ‘ಹುಡುಗಿ’ ಇಲ್ಲ, ‘ಹುಡಗಿ’ಯೇ. ಅವಳು ಹೇಳಿದಂತೆ ಟೈಪು ಮಾಡಿದೆ. ಕೊನೆಗೆ ‘ವಧು-ವರರನ್ನು ಆಶೀರ್ವದಿಸಬೇಕು’ ಎಂಬ ವಾಡಿಕೆಯ ಸಾಲು ಸೇರಿಸಿದೆ. ಬರುವವರಿಗೆ ತೊಂದರೆಯಾಗಬಾರದೆಂದು ದಾರಿಯ ವಿವರವನ್ನೂ ಕೊಟ್ಟೆ.

ಹೆಂಡತಿ ಬಗ್ಗಿ ಓದಿದಳು. “ಪತ್ರಿಕಿನಾಗ ಯಾರರೆ ಹುಡಗಿ ಅಂತ ಬರೀತಾರೇನ್ರಿ? ವಧು ಅಂತ ಮಾಡ್ರಿ.”

ಮಾಡಿದೆ. ಕಂಟ್ರೋಲ್ ಎಚ್. ಎಲ್ಲ ಬದಲಿಸು. ಒಂಬತ್ತು ಕಡೆ ಬದಲಾಯಿತೆಂದು ಕಂಪ್ಯೂಟರ್ ವರದಿ ಕೊಟ್ಟಿತು. ಅಂಬಿಕಾಳ ಪ್ರಸ್ತಾಪ ಇದ್ದದ್ದು ಐದೇ ಕಡೆ. ಉಳಿದ ನಾಲ್ಕು ಯಾರು ಎಂದು ನಾನು ಕೇಳಲಿಲ್ಲ. ಕೆಲಸ ಹೆಚ್ಚಾಗಿಯೇ ಆಗಿದೆಯಲ್ಲ ಎಂದು ಸಂತೋಷಪಟ್ಟೆ!

ಅಚ್ಚಾದ ಪತ್ರಿಕೆಗಳನ್ನು ಬೀಗರಿಗೆ ಮುಟ್ಟಿಸಿದ ಮರುದಿನ ವರನ ಅಜ್ಜನ ಫೋನು ಬಂತು. ಅವರು ದನಿ ಏರಿಸಲಿಲ್ಲ, ಸುಮ್ಮನೆ ಓದಿದರು. “ವರನ ಊರು: ವಧು, ತಾಲೂಕು ಹುಮನಾಬಾದ. ವಧು ಮೇಲೆ ಹಾದುಹೋಗುವ ಎಲ್ಲ ಬಸ್ಸುಗಳೂ ಮಂಟಪದ ಮುಂದೆ ನಿಲ್ಲುತ್ತವೆ.” ಆಮೇಲೆ ಕೇಳಿದರು. “ಮಾಸ್ತರ, ಇಷ್ಟು ಬಸ್ಸು ಹಾದ ಮ್ಯಾಲ ಹೆಣ್ಣು ಉಳೀತದೇನ್ರಿ?”

ನನಗೆ ಬಂದದ್ದು ಸಿಟ್ಟು. ಪಟ್ಟಿ ಕಳಿಸಿದವರ ಮೇಲೆ ಸಿಟ್ಟು. ಹುಡಗಿ ಒಂದು ಊರು ಎಂಬ ಸಾಮಾನ್ಯ ಜ್ಞಾನವೂ ಇಲ್ಲದ ಯಂತ್ರದ ಮೇಲೆ ಸಿಟ್ಟು. ನಮ್ಮ ತಾಲೂಕಿನ ಮೂರನೇ ಇಯತ್ತೆ ಓದುವ ಕೂಸಿಗೆ ಇದು ಗೊತ್ತು!

ಸಂಜೆ ಅಂಬಿಕಾ ಬಂದಳು. ವರನ ಊರಲ್ಲಿ ಆಗಲೇ ಮಾತು ಹಬ್ಬಿತ್ತಂತೆ: ಸೊಸೆ ಹೊಸ್ತಿಲು ತುಳಿಯುವ ಮೊದಲೇ ಊರಿನ ಹೆಸರು ಅಳಿಸಿದಳು ಎಂದು. ಅವಳು ಅಳಲಿಲ್ಲ. “ನೀವು ಇಲ್ಲೇ ಇರ್ತೀರಿ ಮಾಮಾ. ಆ ಮನ್ಯಾಗ ಬಾಳೇಕ ಹೋಗಾಕಿ ನಾನು,” ಎಂದಷ್ಟೇ ಹೇಳಿದಳು.

ಈ ಮಾತು ಕೇಳಿದ ಮೇಲೆ ನಾನು ತಡಮಾಡಲಿಲ್ಲ. ತಡಮಾಡಬೇಕಿತ್ತು. ಮತ್ತೆ ಕಂಟ್ರೋಲ್ ಎಚ್ ಒತ್ತಿ ವಧು ಇದ್ದಲ್ಲೆಲ್ಲ ಹುಡಗಿ ಎಂದು ಬದಲಿಸಿದೆ. ಊರು ತನ್ನ ಜಾಗಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದೆ. ಊರನ್ನು ಮಾತ್ರ ನೋಡಿದೆ. ಅಚ್ಚಿಗೆ ಕೊಟ್ಟೆ.

ಎರಡನೆಯ ಕಟ್ಟು ಬಿಚ್ಚಿದವಳು ತಂಗಿ. ಅದರಲ್ಲಿ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತವಳಂತೆ ‘ಹುಡಗಿ ಅಂಬಿಕಾ’ ಇದ್ದಳು, ‘ಹುಡಗಿ-ವರರನ್ನು’ ಆಶೀರ್ವದಿಸಬೇಕೆಂಬ ಕೋರಿಕೆ ಇತ್ತು. ವಧು ಎಲ್ಲಿಯೂ ಇರಲಿಲ್ಲ.

“ಬೀಗರ ಊರು ವಾಪಸ್ ಬಂತು, ಖರೆ,” ಎಂದಳು ತಂಗಿ. “ಆದ್ರ ಅಣ್ಣಾ, ಲಗ್ನಕ್ಕ ಮೊದಲೇ ನನ್ನ ಮಗಳನ್ನ ಆ ಊರಾಗ ಯಾಕ ಇಟ್ಟಿ?”

ನಾನು ಮತ್ತೆ ಕಂಟ್ರೋಲ್ ಎಚ್ ಒತ್ತಲು ಕುಳಿತೆ. ತಾಯಿಯ ಜೊತೆ ಬಂದಿದ್ದ ಅಂಬಿಕಾ ನನ್ನ ಎರಡೂ ಕೈಗಳನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟಳು. ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ಓದಿ ತಿದ್ದಿದಳು. “ಇದು ನಾನು. ಇದು ಊರು. ಇದು ನಾನು.” ಅರ್ಧ ತಾಸು ಹಿಡಿಯಿತು. ಯಾವ ಶಾರ್ಟ್‌ಕಟ್ಟೂ ಬಳಸಲಿಲ್ಲ. ಮೂರನೆಯ ಪತ್ರಿಕೆಯಲ್ಲಿ ಎಲ್ಲರೂ ಅವರವರ ಸ್ಥಾನದಲ್ಲಿದ್ದರು.

ಮದುವೆಯ ದಿನ ಅಜ್ಜ ನನ್ನ ಹೆಗಲ ಮೇಲೆ ಕೈಹಾಕಿ ಮಂಟಪದ ಬಾಗಿಲಲ್ಲಿ ನಿಲ್ಲಿಸಿಕೊಂಡರು. ಬಂದ ಪ್ರತಿಯೊಬ್ಬ ಅತಿಥಿಗೂ ಪರಿಚಯಿಸಿದರು: “ಇವ್ರೇ ನೋಡ್ರಿ, ನಮ್ಮೂರನ್ನ ವಧು ಮಾಡಿದ ಮಾಸ್ತರು.” ಜನ ನಕ್ಕರು. ವೇದಿಕೆಯ ಮೇಲೆ ಅಂಬಿಕಾಳೂ ನಕ್ಕಳು. ಅವಳಿಗೆ ಅಂಟಬೇಕಾಗಿದ್ದ ಹೆಸರು ನನಗೆ ಅಂಟಿತಲ್ಲ ಎಂದು ನಾನು ಸಮಾಧಾನಪಟ್ಟೆ.

ಅದು ಗಟ್ಟಿಯಾಗಿಯೇ ಅಂಟಿದೆ. ಈಗಲೂ ಅವಳನ್ನು ನೋಡಲು ಹೋಗಿ ಹುಡಗಿಯಲ್ಲಿ ಇಳಿದರೆ ಚಹಾದಂಗಡಿಯವರು ಕೂಗಿ ಹೇಳುತ್ತಾರೆ: “ವಧು ಮಾಸ್ತರು ಬಂದ್ರು.” ಮೊದಮೊದಲು ನನ್ನ ನಿಜವಾದ ಹೆಸರು ಹೇಳಿ ತಿದ್ದುತ್ತಿದ್ದೆ. ಈಗ ಕರೆದರೆ ‘ಓ’ ಅನ್ನುತ್ತೇನೆ.