ಸೊನ್ನೆ ಅಂಕದ ಗೋಲ್‌ಕೀಪರ್

ಕಾದ ಎಣ್ಣಿಗೆ ಬಿದ್ದ ಸಾಸಿವಿ ಸಿಡಿಯದೆ ಬಿಡಂಗಿಲ್ಲ. ನಾ ನಿಂತ ಜಾಗಾದಾಗ ಒಂದು ಪ್ರಸಂಗ ಆಗದೆ ಬಿಡಂಗಿಲ್ಲ. ಪುಣೆದಾಗ, ವಾಕಡದ ಒಂದು ಹೋಟೆಲಿನಾಗ ನಾ ಅಡಿಗಿ ಮಾಡಾವ. ಮಾಲಕರು ಕರಾವಳಿಯವರು, ಫುಟ್‌ಬಾಲ್ ಅಂದ್ರ ಜೀವಾ ಬಿಡಾವರು. ಹೋಟೆಲಿನ ಮಂದೀದೇ ಒಂದು ಟೀಮು ಕಟ್ಟಿದ್ರು. ಸಪ್ಲಾಯರ್‌ಗಳು ಮುಂದ ಓಡಾವರು. ಗೋಲಿನ ಮುಂದ, ಬಾಗಿಲಕ್ಕ ಅಗಳಿ ಹಾಕಿದಂಗ, ನಾನು.

೧. ಡ್ಯೂಟಿಗೆ ಹೋದ ಚೆಂಡು

ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಗಳಿಗೆ ಬಸ್ಸು ಆಗಷ್ಟೇ ಶುರುವಾಗಿದ್ವು. ಒಂದು ಮುಂಜಾನೆ ನಾ ಒದ್ದ ಚೆಂಡು ಮೈದಾನ ದಾಟಿ, ರಸ್ತಾ ದಾಟಿ, ಹೊಂಟಿದ್ದ ಬಸ್ಸಿನ ಕಿಡಕಿಯೊಳಗ ಹೊಕ್ಕು ಖಾಲಿ ಸೀಟಿನ ಮ್ಯಾಲ ಕುಂತಿತು. ಬಸ್ಸು ನಿಲ್ಲಲಿಲ್ಲ. ಅವತ್ತಿನ ಆಟ ಅಲ್ಲಿಗೇ ಖಲಾಸ್.

ಸಂಜಿಮುಂದ ಅದೇ ಬಸ್ಸು ತಿರುಗಿ ಬಂತು. ಡ್ರೈವರ್ ಚೆಂಡು ನನ್ನ ಕೈಯಾಗಿಟ್ಟು ಮರಾಠಿಯೊಳಗ ಅಂದ: "ಕಾಕಾ, ನಾಳಿಂದ ಇದಕ್ಕ ಡಬ್ಬಿ ಕಟ್ಟಿ ಕಳಸ್ರಿ. ಪೂರಾ ಶಿಫ್ಟು ಉಪಾಸ ಕುಂತಿತ್ತು!"

೨. ಎಷ್ಟು ಪಾಸ್?

ಕೆಲವು ವರ್ಷದ ಮ್ಯಾಲ ಬೆಂಗಳೂರ ಕಡೆಯ ಒಬ್ಬ ಸಾಫ್ಟ್‌ವೇರ್ ಸಾಹೇಬ ದಿನಾ ದೋಸೆ ತಿನ್ನಾಕ ಬರಾಕ ಹತ್ತಿದ. ಮಾಲಕರ ತಲಿ ತುಂಬಿಸಿದಾವ ಅವನೇ. "ಸರ್, ಗೋಲ್ ಹೊಡೆದವನೊಬ್ಬನೇ ಆಟಗಾರ ಅಲ್ಲ. ಯಾರು ಎಷ್ಟು ಪಾಸ್ ಕೊಟ್ರು, ಎಷ್ಟು ಸಲ ಬಾಲ್ ಕಿತ್ಕೊಂಡ್ರು, ಎಲ್ಲ ಕಂಪ್ಯೂಟರ್‌ಗೆ ಹಾಕಿದ್ರೆ ಟೀಮಿಗೆ ಯಾರಿಂದ ಎಷ್ಟು ಉಪಯೋಗ ಅಂತ ಗೊತ್ತಾಗತ್ತೆ."

ಮೊದಲು ನನ್ನ ಹಂತೇಕೇ ಬಂದ. "ಅಂಕಲ್, ನಿಮ್ದು ಎಷ್ಟು ಪಾಸ್?"

ನನಗ ಸಿಟ್ಟು ಬಂತು. ಗಿರಾಕಿಗಳ ಎದುರಿಗೆ ಕೇಳು ಮಾತೇನ್ರಿ ಅದು? "ಒಂದೂ ಇಲ್ಲಪಾ! ಒಂದನೇ ಕ್ಲಾಸೂ ಪಾಸಿಲ್ಲ. ಶಾಲಿ ಬಾಗಿಲಾನೇ ಕಂಡಿಲ್ಲ."

ಅವ ಮುಂದ ಎರಡು ಮ್ಯಾಚ್ ಕುಂತು ನೋಡಿದ. ನನ್ನ ಕಡೆ ಚೆಂಡೇ ಬರಲಿಲ್ಲ. ಕಂಪ್ಯೂಟರಿಗೆ ಒತ್ತಿದ: ಪಾಸ್, ಸೊನ್ನೆ. ಶಾಲಿಗೆ ಹೋಗದೇ ಫೇಲಾದ ಮನಷ್ಯಾ ಮತ್ತೊಬ್ಬ ಇದ್ರ ತೋರಸ್ರಿ!

೩. ಕಾವಲುಗಾರ

ಆ ವರ್ಷದ ಟೂರ್ನಮೆಂಟಿನ ಫೈನಲ್ ಬಂತು. ಎದುರಿಗೆ ಭೋರ್ ಕಡೆಯ ಟೀಮು, ಗುಡ್ಡ ಹತ್ತಿ ಇಳದು ಗಟ್ಟಿಯಾದ ಕಾಲು. ಮಾಲಕರು ಅಂದ್ರು: "ಕಂಪ್ಯೂಟರಲ್ಲಿ ಕಡೆಗೆ ಯಾರ ಹೆಸರು ಉಂಟೋ ಅವನು ಹೊರಗೆ." ಕಡೀಕ ಇದ್ದದ್ದು ನನ್ನ ಹೆಸರು. ಇಷ್ಟು ವರ್ಷ ನಾ ತೊಟ್ಟ ಕೈಗವಸು ಕಳಚಿ ಚಹಾ ಮಾಡಾವನ ಕೈಗೆ ಕೊಡಬೇಕಾತು. ಎದಿ ಚುರ್ ಅಂತ್ರಿ.

"ಮಾಲಕ್ರ, ನಾ ನಿಂತೀನಂತನೇ ಚೆಂಡು ಅಂಜಿ ಬರಂಗಿಲ್ಲ. ಕಳ್ಳ ಬರಲಿಲ್ಲಂತ ಯಾರರ ಕಾವಲುಗಾರನ್ನ ಬಿಡಸ್ತಾರೇನ್ರಿ?"

"ಇಲ್ಲ ಮಾರಾಯ. ಆದ್ರೆ ಕಾವಲುಗಾರ ಕಂಬಕ್ಕೆ ಒರಗಿ ನಿದ್ದೆ ಮಾಡಿದ್ದನ್ನೂ ಅವನು ಲೆಕ್ಕ ಹಾಕಿದ್ದಾನೆ. ಅದರಲ್ಲಿ ನೀನೇ ಮೊದಲು!"

೪. ಪುರೇ, ಪುರೇ!

ಫೈನಲ್ ದಿವಸ ಮಧ್ಯಾಹ್ನ ಎರಡೂ ಟೀಮಿಗೆ ಮಾಲಕರದೇ ಊಟ. "ಎಂಥದಾದ್ರೂ ಹಗುರದ್ದು ಮಾಡು ಮಾರಾಯ" ಅಂದಿದ್ರು. ಮನಿಗೆ ಬಂದವರಿಗೆ ಹಗುರದ್ದು ಹಾಕಿದ್ರ ನಮ್ಮ ವಿಜಾಪುರದ ಮಂದಿ ನಗಂಗಿಲ್ಲೇನ್ರಿ? ಶ್ರೀಖಂಡ-ಪೂರಿ ಮಾಡಿದೆ.

ಹೋಟೆಲಿನ ಹಿತ್ತಲದಾಗ ಪಂಕ್ತಿ, ಅದರ ಮಗ್ಗಲಕ್ಕೇ ನನ್ನ ಬಾಣಲಿ. ಭೋರದ ಮಂದಿ "ಪುರೇ, ಕಾಕಾ, ಪುರೇ!" ಅಂದ್ರು. ಮರಾಠಿಯೊಳಗ ಪುರೇ ಅಂದ್ರ ಸಾಕು. ಅದು ನನಗೂ ಗೊತ್ತು. ಆದ್ರ ಎಣ್ಣಿ ಸಪ್ಪಳದಾಗ ನನ್ನ ಕಿವಿಗೆ ಕೇಳಿದ್ದು "ಪೂರಿ, ಕಾಕಾ, ಪೂರಿ!" ಪಾಪ, ಎಷ್ಟು ಹಸಿದಾವೋ ಅಂತ ಮತ್ತ ಹಾಕಿದೆ. ಅವರು ಎದ್ದು ನಿಂತು ಒದರಿದ್ರು: "ಪುರೇ! ಪುರೇ!" ನಾ ಬುಟ್ಟಿನೇ ಸುರುವಿದೆ.

ನಮ್ಮ ಹುಡುಗರು "ಸಾಕ್ರಿ" ಅಂದ್ರು. ನಮ್ಮ ಕಡೆ ಮೊದಲನೇ ಸಾಕು ಮರ್ಯಾದಿ, ಎರಡನೇದು ನಾಚಿಕಿ. ಹಂಗಂತ ಅವರಿಗೂ ಹಾಕಿದೆ. ರೆಫ್ರೀ ಬಾಯಿ ತುಂಬಿ ಮಾತಾಡಲಿಲ್ಲ; ಮೌನಂ ಸಮ್ಮತಿ ಅಂತ ಹಾಕಿದೆ. ಸಾಫ್ಟ್‌ವೇರ್ ಸಾಹೇಬ "ಇನಫ್, ಅಂಕಲ್, ಇನಫ್!" ಅಂದ.

ನನಗ ಇಂಗ್ಲಿಷ್ ಬರಂಗಿಲ್ಲ. ಅವಗೂ ಹಾಕಿದೆ.

೫. ಮೊದಲ ನಂಬರು

ರೆಫ್ರೀ ಶಿಟ್ಟಿ ಊದಿದ. ಶಿಟ್ಟಿ ಬರಲಿಲ್ಲ, ತೇಗು ಬಂತು. ಅದನ್ನೇ ಶಿಟ್ಟಿ ಅಂತ ತಿಳದು ಆಟ ಶುರುವಾತು. ಓಡಿದವರು ನಾಕು ಹೆಜ್ಜಿಗೆ ನಡದ್ರು, ನಡದವರು ಕುಂತ್ರು. ಇಡೀ ಮೈದಾನದಾಗ ಹೊಟ್ಟಿ ಹಗುರ ಇದ್ದದ್ದು ಚೆಂಡಿಂದೊಂದೇ. ಒಂದೂ ಗೋಲಾಗಲಿಲ್ಲ, ಪೆನಾಲ್ಟಿಗೆ ಬಂತು. ನೋಡ್ತಾರ, ನಮ್ಮ ಚಹಾದವ ಗೋಲಿನ ಜಾಳಗಿಯೊಳಗ ಜೋಳಗಿ ಕೂಸಿನಂಗ ಮಲಗ್ಯಾನ!

ಮಾಲಕರು ಓಡಿ ಬಂದ್ರು. "ಮಾರಾಯ, ಯಾರಿಗೂ ಎಚ್ಚರ ಇಲ್ಲ. ನೀನೇ ನಿಲ್ಲು!"

ಅಡಿಗಿಯವ ಉಣ್ಣೂದು ಎಲ್ಲಾರಕಿಂತ ಕಡೀಕ. ನಾ ಇನ್ನೂ ಖಾಲಿ ಹೊಟ್ಟಿ. ಗವಸು ತೊಟ್ಟು ನಿಂತೆ. ಭೋರದವರು ಒಬ್ಬೊಬ್ಬರೇ ಬಂದು ಒದ್ರು. ಚೆಂಡು ಉಳ್ಳಕೋತ ಬಂದು, ಅರ್ಧ ದಾರಿಯೊಳಗ ನಿಂತು, ನನ್ನ ಮಾರಿ ನೋಡತಿತ್ತು. ಒಂದನ್ನೂ ನಾ ಮುಟ್ಟಲಿಲ್ಲ. ನಮ್ಮವರ ಕಾಲಿಂದೂ ಅದೇ ಹಣೆಬರಹ. ಕಡೀ ಪಾಳಿ ನಂದು.

ಅವರ ಗೋಲ್‌ಕೀಪರ್ ಕಂಬ ತಬಕೊಂಡು ಗೊರಕಿ ಹೊಡೀತಿದ್ದ. ಆ ಕಂಬದ ನಿದ್ದಿ ರುಚಿ ನನಗ ಗೊತ್ತು. ಎಚ್ಚರಾಗಬಾರದಂತ ಮೆತ್ತಗ ಒದ್ದೆ. ಗೋಲು!

ಸಾಹೇಬ ಆಕಳಿಸಕೋತ ಕಂಪ್ಯೂಟರ್ ತಗದ. "ಅಂಕಲ್, ಗೆದ್ದಿದ್ದು ನಿಮ್ಮೊಬ್ಬರಿಂದ್ಲೇ. ಲಿಸ್ಟಲ್ಲಿ ನೀವೇ ಫಸ್ಟ್!"

"ಪಾಸ್ ಎಷ್ಟಪಾ?"

"ಅದು ಈಗಲೂ ಸೊನ್ನೆನೇ."

ಕಲತವರು ಪಾಸಾಗಿ ಮೊದಲ ನಂಬರು ಬರತಾರ, ಅದರಾಗೇನೈತ್ರಿ ದೊಡ್ಡದು? ಒಂದೂ ಪಾಸಿಲ್ಲದ ಮೊದಲ ನಂಬರು ಬಂದಾವ, ಇಡೀ ಪುಣೆದಾಗ ನಾನೊಬ್ಬನೇ.