ಮುಂದಿನ ಸೀಟಿನ ಯಜಮಾನ

ಆ ಬೆಟ್ಟದೂರಿನ ಬಸ್ ನಿಲ್ದಾಣದ ಎದುರಿಗೇ ‘ಇದು ಸೈಕಲ್ ಸ್ನೇಹಿ ಊರು’ ಎಂಬ ದೊಡ್ಡ ಬೋರ್ಡಿದೆ. ಅದರ ಕೆಳಗೆ ‘ಗಂಡಂದಿರಿಗೆ ಈ ಮಾತು ಅನ್ವಯಿಸುವುದಿಲ್ಲ’ ಎಂದು ಸಣ್ಣ ಅಕ್ಷರದಲ್ಲಾದರೂ ಬರೆಯಬೇಕಾಗಿತ್ತು. ಬರೆದಿಲ್ಲ. ನನ್ನ ಮೊದಲನೆಯ ದೂರು ಅದೇ.

ಎರಡನೆಯದಕ್ಕೆ ಬರುವ ಮೊದಲು ನಮ್ಮ ಮನೆಯ ಭೂಗೋಳ ಹೇಳಬೇಕು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕಾಲಿನಿಂದ ತುಳಿಯುವ ಅವಳ ಮಿಷನ್ನು ಹದಿನೆಂಟು ವರ್ಷದಿಂದ ಅಡುಗೆಮನೆ ಬಾಗಿಲ ಪಕ್ಕದ ಮೂಲೆಯಲ್ಲಿದೆ. ಅಲ್ಲಿ ಬೆಳಕು ಕಡಿಮೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾಳೆ. (ಆ ಹೊತ್ತು ಮನೆ ಬಹಳ ಶಾಂತವಾಗಿರುತ್ತದೆ.) ಬೆಳಕಿರುವುದು ಮುಂದಿನ ಕೋಣೆಯಲ್ಲಿ. ಅಲ್ಲಿನ ಎರಡು ಕಿಟಕಿಗಳ ನಡುವೆ ನನ್ನ ಆರಾಮ ಕುರ್ಚಿಯಿದೆ, ಸಂಜೆ ಐದರಿಂದ ಎಂಟರವರೆಗೆ ಅದರಲ್ಲಿ ನಾನಿರುತ್ತೇನೆ.

ಈಗ ಅವಳಿಗೆ ಒಂದು ಶಾಲೆಯ ಯೂನಿಫಾರಂ ಹೊಲಿಯುವ ಕೆಲಸ ಬಂದಿತ್ತು. ಅದಕ್ಕೆ ಇನ್ನೊಂದು ಮಿಷನ್ನು ಬೇಕು, ಎರಡು ಮಿಷನ್ನಿಗೆ ಮುಂದಿನ ಕೋಣೆ ಬೇಕು, ಸೋಮವಾರದೊಳಗೆ ಶಾಲೆಗೆ ಹೂಂ ಅನ್ನಬೇಕು. ನಾನು ಊಹೂಂ ಅಂದೆ.

“ಈ ಸಂಸಾರದ ಭಾರಾನೆಲ್ಲ ಒಬ್ಬನೇ ಎಳೀತಿರೋನು ನಾನು. ಕೂತು ಉಸಿರು ಬಿಡೋಕೆ ಒಂದು ಕುರ್ಚಿ ಬೇಡ್ವಾ?”

“ನೀವೊಬ್ರೇ ಎಳೀತಿದ್ರೆ ನಾನೇನು ಗಾಡೀಲಿ ಕೂತು ಊರು ನೋಡ್ತಿದೀನಾ?”

ಒಂದು ವಾರ ಇದೇ ಸಂಭಾಷಣೆ. ಪಾತ್ರೆಗಳ ಸದ್ದು ಹೆಚ್ಚಾಗಿ, ಸಾರಿನ ಉಪ್ಪು ಕಡಿಮೆಯಾಯಿತು. ತಣ್ಣನೆಯ ಊರಿಗೆ ಹೋದರೆ ತಲೆ ತಣ್ಣಗಾದೀತು ಎಂಬ ದಿವ್ಯಾಲೋಚನೆ ನನ್ನ ಮಿದುಳಿನಲ್ಲೇ ಉದ್ಭವಿಸಿತು. (ಇದಕ್ಕೆ ಬೇರೆ ಯಾರನ್ನೂ ಬೈಯುವಂತಿಲ್ಲ. ಅದೂ ಒಂದು ಸಿಟ್ಟು.)

ಶನಿವಾರ ಬೆಳಿಗ್ಗೆ ಬಸ್ಸಿಳಿದರೆ ಎಲ್ಲಿ ನೋಡಿದರೂ ಸೈಕಲ್ಲು. ಅಂಚೆಯವನದು, ಹಾಲಿನವಳದು, ಕೋಟು ತೊಟ್ಟ ಡಾಕ್ಟರದು. ರಸ್ತೆಯ ಒಂದು ಬದಿ ಸೈಕಲ್ಲಿಗೇ ಮೀಸಲು, ತಿರುವಿಗೊಂದು ಗಾಳಿ ಪಂಪು. ನಾವು ರಸ್ತೆ ದಾಟಲು ನಿಂತರೆ ಕಾರೊಂದು ತಾನಾಗಿ ನಿಂತು ದಾರಿ ಬಿಟ್ಟಿತು. ಅಲ್ಲೇ ನನಗೆ ಅನುಮಾನ ಬರಬೇಕಾಗಿತ್ತು.

ಬಾಡಿಗೆ ಸೈಕಲ್ ಅಂಗಡಿಯ ಒಡತಿ ಸೊಂಟಕ್ಕೆ ಸ್ಪ್ಯಾನರ್ ಸಿಕ್ಕಿಸಿಕೊಂಡ ಗಟ್ಟಿ ಹೆಂಗಸು. ನಮ್ಮಿಬ್ಬರನ್ನು ನೋಡಿ ಜೋಡಿ ಸೀಟಿನ ಸೈಕಲ್ಲೊಂದನ್ನು ಹೊರಗೆ ತಂದಳು. ಒಂದೇ ಸೈಕಲ್ಲು, ಹಿಂದೊಂದು ಮುಂದೊಂದು ಸೀಟು, ಎರಡು ಜೊತೆ ಪೆಡಲ್ಲು.

“ಹ್ಯಾಂಡಲ್ಲು, ಬ್ರೇಕು, ಗೇರು ಎಲ್ಲ ಮುಂದಿನವರ ಕೈಲಿ ಸಾರ್. ಮುಂದಿನ ಪೆಡಲ್ಲಿಂದ ಹಿಂದಿನ ಪೆಡಲ್ಲಿಗೆ ಒಂದು ಚೈನು, ಅಲ್ಲಿಂದ ಚಕ್ರಕ್ಕೆ ಇನ್ನೊಂದು...”

“ಇಪ್ಪತ್ತೆರಡು ವರ್ಷದಿಂದ ಇದನ್ನೇ ಪಾಠ ಮಾಡ್ತಿದೀನಮ್ಮ,” ಎಂದು ಅವಳ ಬಾಯಿ ಮುಚ್ಚಿಸಿ ಮುಂದಿನ ಸೀಟು ಏರಿದೆ.

“ಹಾಗಾದ್ರೆ ಹಿಂದೆ ಕೂತೋರಿಗೆ ಏನು ಕೆಲಸ?” ಎಂದಳು ಹೆಂಡತಿ.

“ಬೀಳದೆ ಕೂತ್ಕೋ, ಸಾಕು. ಎಳೆಯೋನು ಮುಂದಿದ್ದಾನೆ.”

“ಶುರುವಾಯ್ತು! ಮನೇಲೂ ಇದೇ, ಇಲ್ಲೂ ಇದೇ!”

ನನಗೆ ರೇಗಿತು. “ಆಯ್ತು ಕಣೇ! ಬೆಟ್ಟದ ಮೇಲಿನ ಗೋಪುರದ ತನಕ ಈ ಗಾಡೀನ ಯಾರು ಎಳೀತಾರೋ ಮುಂದಿನ ಕೋಣೆ ಅವರದು!”

ಹೆಂಡತಿ ಅಂಗಡಿಯವಳ ಕಡೆ ತಿರುಗಿದಳು. “ಕೇಳಿಸ್ತಲ್ವಾ ನಿಮಗೆ?”

“ಕೇಳಿಸ್ತು ಅಕ್ಕಾ.”

ಮೊದಲನೆಯ ತಿರುವಿನವರೆಗೆ ನನ್ನ ಮಂಡಿಗಳು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿದವು. ಎರಡನೆಯ ತಿರುವಿನಲ್ಲಿ ಗೇರು ಒತ್ತಿದೆ. ಟಕ್ ಎಂದಿತು. ಪೆಡಲ್ಲು ಹೂವಿನಷ್ಟು ಹಗುರಾಯಿತು!

“ನೋಡಿದ್ಯಾ? ಬಲ ಕಡಿಮೆ ಮಾಡ್ಬೇಕಾದ್ರೆ ಸುತ್ತು ಜಾಸ್ತಿ ಮಾಡ್ಬೇಕು. ಯಾಂತ್ರಿಕ ಲಾಭ ಅಂದ್ರೆ ಇದೇ. ಮಕ್ಕಳು ಪರೀಕ್ಷೇಲಿ ತಪ್ಪು ಬರೆಯೋದು ಇದನ್ನೇ...”

ಹಿಂದಿನಿಂದ ಏದುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಪ್ರಶ್ನೆ ಬಂತು. “ರೀ, ನೀವು ತುಳೀತಿದೀರಾ?”

“ಕಾಲು ಗಿರಗಿರ ತಿರುಗ್ತಿರೋದು ಕಾಣಿಸ್ತಿಲ್ವಾ?”

“ಕಾಣಿಸ್ತಿದೆ. ಚೆನ್ನಾಗಿ ಕಾಣಿಸ್ತಿದೆ.”

ನಾನಿಷ್ಟು ವೇಗವಾಗಿ ತುಳಿಯುತ್ತಿದ್ದರೂ ಗಾಡಿ ಆಮೆಯಂತೆ ತೆವಳುತ್ತಿದೆಯೆಂದರೆ ಹಿಂದೆ ಕೂತ ಮೂಟೆಯದಲ್ಲದೆ ಇನ್ಯಾರ ತಪ್ಪು? “ನನಗೇ ಇಷ್ಟು ಹಗುರ ಇರುವಾಗ ನಿನಗ್ಯಾಕೆ ಏದುಸಿರು? ಸೀಟಲ್ಲಿ ಕೂರೋದಕ್ಕೂ ಸುಸ್ತಾಗತ್ತಾ?” ಎಂದು ಕೂಗಿದೆ. ಏದುಸಿರು ಇನ್ನೂ ಜೋರಾಯಿತು.

ನಾಲ್ಕನೆಯ ತಿರುವಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಮುದುಕರೊಬ್ಬರು ನನ್ನ ಕಾಲಿನ ಕಡೆ ಬೆರಳು ಮಾಡಿ, “ನಿಲ್ಲಿಸಿ ಸ್ವಾಮೀ, ನಿಲ್ಲಿಸಿ!” ಎಂದರು. ನನ್ನ ನರೆಗೂದಲು ನೋಡಿ ಅಯ್ಯೋ ಪಾಪ ಎನ್ನುತ್ತಿದ್ದಾರೆ! “ನನಗೇನೂ ಸುಸ್ತಾಗಿಲ್ಲ! ನಿಮ್ಮ ಕೆಲಸ ನೀವು ನೋಡ್ಕೊಳ್ಳಿ!” ಎಂದು ಗದರಿದೆ. ಆರನೆಯ ತಿರುವಿನಲ್ಲಿ ಹಾಲಿನವಳೂ ನನ್ನ ಕಾಲಿನ ಕಡೆಗೇ ಬೆರಳು ತೋರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಭಿಮಾನವಿರಬೇಕೆಂದು ಅವಳಿಗೆ ಮಾತ್ರ ಕೈ ಬೀಸಿದೆ.

ಅಂತೂ ಗೋಪುರ ಬಂತು. ಹೆಂಡತಿ ಇಳಿದವಳೇ ಮೆಟ್ಟಿಲ ಮೇಲೆ ಕುಸಿದು ಇಡೀ ಬಾಟಲಿ ನೀರು ಕುಡಿದಳು, ಮುಖ ಕೆಂಡವಾಗಿತ್ತು. ನನ್ನ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಗೆದ್ದವನು ಉದಾರಿಯಾಗಿರಬೇಕು. “ಹೋಗಲಿ ಬಿಡು, ನಿನ್ನ ಮೂಲೆಗೊಂದು ದೊಡ್ಡ ಬಲ್ಬ್ ತಂದುಕೊಡ್ತೀನಿ,” ಎಂದೆ.

“ತನ್ನಿ. ಈಗ ಇಳಿಯೋಣ ನಡೀರಿ,” ಎಂದಳು. ಅವಳ ದನಿ ಬೆಣ್ಣೆಯಂತಿತ್ತು. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಆ ದನಿ ಕೇಳಿದಾಗಲೆಲ್ಲ ನಾನು ಏನನ್ನೋ ಕಳೆದುಕೊಂಡಿದ್ದೇನೆ. ಆದರೂ ಎಚ್ಚರವಾಗಲಿಲ್ಲ.

ಇಳಿಜಾರಿನಲ್ಲಿ ತುಳಿಯುವ ಕೆಲಸವಿಲ್ಲ. ಬ್ರೇಕು ಹಿಡಿದುಕೊಂಡು ರಾಜಗಾಂಭೀರ್ಯದಿಂದ ಅಂಗಡಿಯ ಮುಂದೆ ಇಳಿದೆ. ಒಡತಿ ಬಗ್ಗಿ, ಜೋತಾಡುತ್ತಿದ್ದ ಚೈನೊಂದನ್ನು ಬೆರಳಿನಿಂದ ಎತ್ತಿ ಹಿಡಿದಳು.

“ಇದು ಎಲ್ಲಿ ಕಳಚಿತು ಸಾರ್? ಇದು ಬಿದ್ರೆ ಮುಂದಿನ ಪೆಡಲ್ಲಿಗೂ ಚಕ್ರಕ್ಕೂ ಸಂಬಂಧಾನೇ ಇರಲ್ಲ. ನೀವು ಎಷ್ಟು ತುಳಿದ್ರೂ ಗಾಳಿ ತುಳಿದ ಹಾಗೆ.”

“ಇಳಿಯುವಾಗ ಬಿದ್ದಿರ್ಬೇಕು,” ಎಂದೆ. ಒಂದು ಕ್ಷಣವೂ ತಡಮಾಡಲಿಲ್ಲ.

“ಹತ್ತುವಾಗ, ಎರಡನೇ ತಿರುವಿನಲ್ಲಿ,” ಎಂದಳು ಹೆಂಡತಿ. “ಟಕ್ ಅಂದಿತಲ್ಲ, ಆಗ. ಹದಿನೆಂಟು ವರ್ಷ ಮಿಷನ್ನು ತುಳಿದ ಕಾಲು ಇದು. ಬೆಲ್ಟ್ ಕಳಚಿದ್ರೆ ಗೊತ್ತಾಗಲ್ವಾ?”

ಅಂದರೆ ಉಳಿದ ಬೆಟ್ಟಕ್ಕೆ ಸೈಕಲ್ಲನ್ನೂ ನನ್ನನ್ನೂ ನನ್ನ ಪಾಠವನ್ನೂ ಎಳೆದವಳು ಇವಳು!

“ಗೊತ್ತಿದ್ದೂ ಬಾಯಿ ಬಿಡಲಿಲ್ವಾ?” ಎಂದು ಅಬ್ಬರಿಸಿದೆ. ಬೀದಿಯಲ್ಲಿದ್ದ ಸೈಕಲ್ಲುಗಳೆಲ್ಲ ನಿಂತವು.

“ನೀವು ಪಾಠ ಮಾಡ್ತಿದ್ರಿ. ನಡುವೆ ಮಾತಾಡಿದ್ರೆ ನಿಮಗೆ ಸಿಟ್ಟು ಬರುತ್ತಲ್ಲ.”

ಅಂಗಡಿಯವಳು ಗ್ರೀಸಿನ ಕೈ ಒರೆಸಿಕೊಂಡು, ಯಾರೂ ಕೇಳದಿದ್ದರೂ ತೀರ್ಪು ಕೊಟ್ಟಳು. “ಹಾಗಾದ್ರೆ ಮುಂದಿನ ಕೋಣೆ ಅಕ್ಕಂದು.”

ಸೋಮವಾರ ಶಾಲೆಗೆ ಹೂಂ ಹೋಯಿತು. ಮುಂದಿನ ಕೋಣೆಯಲ್ಲಿ ಈಗ ಎರಡು ಮಿಷನ್ನುಗಳಿವೆ. ಮಾತು ಕೊಟ್ಟಂತೆ ನಾನು ತಂದ ದೊಡ್ಡ ಬಲ್ಬನ್ನೂ ಅಲ್ಲಿಗೇ ಹಾಕಿಕೊಂಡಿದ್ದಾಳೆ. ನನ್ನ ಆರಾಮ ಕುರ್ಚಿ ಅಡುಗೆಮನೆ ಬಾಗಿಲ ಪಕ್ಕದ ಮೂಲೆಗೆ ಬಂದಿದೆ. ಆ ಊರನ್ನು, ಅಲ್ಲಿನ ಅಂಗಡಿಯವಳನ್ನು, ಸೈಕಲ್ ಕಂಡುಹಿಡಿದವನನ್ನು ದಿನಾ ಸಂಜೆ ಐದರಿಂದ ಎಂಟರವರೆಗೆ ಮನಸಾರೆ ಬೈಯಬೇಕೆಂದು ಅಲ್ಲಿ ಕೂರುತ್ತೇನೆ. ಆಗುವುದಿಲ್ಲ. ಪೇಪರ್ ಓದಬೇಕಾದರೆ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರಬೇಕು.