ನನ್ನನ್ನು ಅಣಕಿಸದ ಮೈದುನ

ಯಾರಾದರೂ ತಮ್ಮನ್ನು ಅಣಕಿಸಿದರೆ ಮನುಷ್ಯರಿಗೆ ಸಿಟ್ಟು ಬರುತ್ತದೆಂದು ಬಲ್ಲವರು ಹೇಳುತ್ತಾರೆ. ಇರಬಹುದು. ನನ್ನ ಸಂಕಟ ಅದಕ್ಕೆ ತದ್ವಿರುದ್ಧವಾದದ್ದು. ನನ್ನ ಹೆಂಡತಿಯ ತಮ್ಮ ಬಸಲಿಂಗ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ಕಡೆಯ ತಲೆಯಿದ್ದವರನ್ನೆಲ್ಲ ಅಣಕಿಸಿದ, ತಲೆಯಿಲ್ಲದವರನ್ನೂ ಬಿಡಲಿಲ್ಲ. ಸ್ವಂತ ಅಕ್ಕನ ಗಂಡನಾದ ನನ್ನನ್ನು ಮಾತ್ರ ಒಮ್ಮೆಯೂ ಅಣಕಿಸಲಿಲ್ಲ. ಮನೆಯ ಅಳಿಯನೆಂಬ ಮರ್ಯಾದೆಗೆ ಬಿಟ್ಟಿದ್ದಾನೆಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಅವನು ತನ್ನ ಸೋದರಮಾವನನ್ನೂ ಆ ಮಾವನ ಬೀಗರನ್ನೂ ಒಂದೇ ಮದುವೆಯಲ್ಲಿ ಅಣಕಿಸಿ ಮುಗಿಸಿದ್ದನ್ನು ಕಂಡ ಮೇಲೆ ಆ ಸಮಾಧಾನವೂ ಉಳಿಯಲಿಲ್ಲ.

ಬಸಲಿಂಗನ ಊರು ನೆಲೋಗಿ. ಮದುವೆಯ ಊಟ ಮುಗಿದು ಬೀಗರು ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಾಗ ಅವನು ಹಂದರದ ನಡುವೆ ಸುಮ್ಮನೆ ಎದ್ದು ನಿಲ್ಲುತ್ತಿದ್ದ. ಬಣ್ಣವಿಲ್ಲ, ವೇಷವಿಲ್ಲ, ಪೇಟಿ ತಬಲಾ ಇಲ್ಲ. ಯಾರದೋ ನಡಿಗೆ ನಡೆಯುವನು, ಯಾರದೋ ಕೆಮ್ಮು ಕೆಮ್ಮುವನು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅದು ಯಾರೆಂದು ಕೂಗಿ ಹೇಳುವುದು ಕುಳಿತ ಮಂದಿಯ ಕೆಲಸ. ಹೆಸರು ಹೊರಬಿದ್ದೊಡನೆ ಆ ಮನುಷ್ಯ ಎದ್ದು ಬಂದು ತನ್ನ ಶಲ್ಯವನ್ನು ಬಸಲಿಂಗನ ಹೆಗಲಿಗೆ ಹೊದಿಸಬೇಕು. ಮರುದಿನ ಮುಂಜಾನೆ ಬಸಲಿಂಗ ಅದನ್ನು ಮಡಚಿ ಅವರ ಮನೆಗೆ ಮುಟ್ಟಿಸಿ ಚಹಾ ಕುಡಿದು ಬರಬೇಕು. ಇದು ನಮ್ಮ ಕಡೆಯ ಪದ್ಧತಿಯಾಗಿತ್ತು. ಶಲ್ಯ ಹೊದಿಸಿದವನು ಊರಲ್ಲಿ ಒಂದು ಗೇಣು ಎತ್ತರವಾಗುತ್ತಿದ್ದ. ಹೊದಿಸುವ ಭಾಗ್ಯವಿಲ್ಲದವರು ತಮ್ಮಲ್ಲಿ ಏನು ಕೊರತೆಯಿದೆಯೆಂದು ಹೆಂಡಿರನ್ನು ಕೇಳುತ್ತಿದ್ದರು. ಕೇಳಿದವರಲ್ಲಿ ನಾನೂ ಒಬ್ಬ. ನನ್ನವಳು ನೀಲವ್ವ ಕೊರತೆಗಳನ್ನು ಹೇಳುತ್ತ ಹೋದಳು, ಬೇಕಾದದ್ದು ಅದರಲ್ಲಿರಲಿಲ್ಲ.

ಆಗ ನಾನು ಆಳಂದದ ಕಚೇರಿಯಲ್ಲಿ ಗುಮಾಸ್ತ. ಆಗಿನ ಸರಕಾರದ ಉರ್ದು ಕಾಗದಗಳನ್ನು ನೋಡಿ ನೋಡಿ ಬಲದಿಂದ ಎಡಕ್ಕೆ ಓದುವ ಅಭ್ಯಾಸ ಬಿಟ್ಟರೆ ಬೇರೆ ಯಾವ ವಿಶೇಷವೂ ನನ್ನಲ್ಲಿರಲಿಲ್ಲ. ಹೀಗಾದರೆ ಕೆಲಸ ಕೆಟ್ಟಿತೆಂದು ವಿಶೇಷಗಳನ್ನು ಸಂಪಾದಿಸಲು ಹೊರಟೆ. ಬೆಳ್ಳಿಹಿಡಿಯ ಒಂದು ಬೆತ್ತ ಕೊಂಡು ನೆಲಕ್ಕೆ ಬಡಿಯುತ್ತ ನಡೆದೆ. ನಶ್ಯ ಕಲಿತೆ. ಮಾತಿಗೆ ಮೊದಲು ಗಂಟಲು ಸರಿಪಡಿಸಿಕೊಳ್ಳುವುದನ್ನು ರೂಢಿಸಿಕೊಂಡೆ. ಬಸಲಿಂಗ ಮನೆಗೆ ಬಂದನೆಂದರೆ ಈ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಅವನೆದುರು ನಡೆಸಿ ತೋರಿಸುತ್ತಿದ್ದೆ. ಅವನು ಭಕ್ತಿಯಿಂದ ನೋಡುತ್ತಿದ್ದ, ಊಟ ಮಾಡುತ್ತಿದ್ದ, ಹೋಗಿಬಿಡುತ್ತಿದ್ದ.

ಅವನ ಹೆಸರು ದೂರ ಹೋದದ್ದು ಅಫಜಲಪುರದ ಒಬ್ಬ ತೊಗರಿ ದಲಾಲರನ್ನು ಅಣಕಿಸಿದ್ದರಿಂದ. ದಲಾಲರು ದರ ಕುದುರಿಸುವುದು ಬಾಯಿಂದಲ್ಲ. ಟವಲಿನ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಚುಕಿ. ಬಸಲಿಂಗ ಟವಲನ್ನೂ ತೋರಿಸುತ್ತಿರಲಿಲ್ಲ, ಕೈಯನ್ನೂ ತೋರಿಸುತ್ತಿರಲಿಲ್ಲ. ಕೆಳಗೆ ಬೆರಳುಗಳು ಕಾದಾಡುತ್ತಿರುವಾಗ ಮೇಲೆ ಏನೂ ಆಗದವರಂತೆ ಆಕಾಶ ನೋಡುವ ದಲಾಲರ ಮುಖವನ್ನಷ್ಟೇ ತೋರಿಸುತ್ತಿದ್ದ. ಸೋಲಾಪುರದ ಒಂದು ಮದುವೆಯಲ್ಲಿ ಇದನ್ನು ಕಂಡ ಪುಣೆಯ ಸಿನಿಮಾ ಕಂಪನಿಯವರೊಬ್ಬರು ಅವನನ್ನು ಕರೆದುಕೊಂಡು ಹೋದರು. ಮಂದಿಯ ಮುಖ ಮಾರಿ ಹೊಟ್ಟೆ ಹೊರೆಯುವವನು ನನ್ನ ಮಗನಲ್ಲ ಎಂದು ನನ್ನ ಮಾವ ಕಟ್ಟೆಯ ಮೇಲೆ ಕುಳಿತು ಹೇಳಿದರು. ಬಸಲಿಂಗ ಅವರ ಕಾಲು ಮುಟ್ಟಿ ಹೊರಟ. ಅವರು ಕಾಲನ್ನು ಹಿಂದಕ್ಕೆಳೆಯಲಿಲ್ಲ, ಅಷ್ಟೇ ಸಮಾಧಾನ.

ಬಸಲಿಂಗನ ಒಳ್ಳೆಯ ಪಾತ್ರಗಳು ಯಾವುವೆಂದು ಈಗಲೂ ಯಾರಾದರೂ ಕೇಳಿದರೆ ನಾವು ಆಳಂದದವರು ಪಾತ್ರದ ಹೆಸರು ಹೇಳುವುದಿಲ್ಲ, ನಮ್ಮವರ ಹೆಸರು ಹೇಳುತ್ತೇವೆ. ತಪ್ಪು ನಮ್ಮದೇ. ಮೊದಲ ಚಿತ್ರದಲ್ಲಿ ಅವನು ಅರಮನೆಯ ಕಾವಲುಗಾರ. ಕಳ್ಳ ಎದುರಿಗೇ ಹಾದುಹೋಗುತ್ತಿದ್ದರೂ ಲಂಚ ತಿಂದವನಾದ್ದರಿಂದ ಆಕಾಶ ನೋಡುತ್ತ ನಿಲ್ಲುತ್ತಾನೆ. ನಾವು ಕೆಲವರು ಸೋಲಾಪುರಕ್ಕೆ ಹೋಗಿ ನೋಡುತ್ತ ಕುಳಿತಿದ್ದೆವು. ಆ ಮುಖ ಕಂಡದ್ದೇ ತಡ, ನಮ್ಮವರೆಲ್ಲ ಒಂದೇ ದನಿಯಲ್ಲಿ ದಲಾಲರ ಹೆಸರು ಕೂಗಿದರು. ಸೋಲಾಪುರದವರಿಗೆ ಕಳ್ಳನ ಹೆಸರು ಅದೇ ಎಂದು ತಿಳುವಳಿಕೆಯಾಯಿತು. ಎರಡನೆಯ ಚಿತ್ರದಲ್ಲಿ ಮಂತ್ರಿ. ಆಸನದಲ್ಲಿ ಕೂರುವ ಮೊದಲು ಅದು ಇದೆಯೋ ಇಲ್ಲವೋ ಎಂದು ಹಿಂದೆ ತಿರುಗಿ ನೋಡುವ ಮಂತ್ರಿ. ಜಿಡಗಾ ಕಡೆಯ ಒಬ್ಬ ಗೌಡರ ಚಾಳಿ ಅದು. ಗೌಡರು ಮತ್ತೆ ಮತ್ತೆ ಸೋಲಾಪುರಕ್ಕೆ ಹೋಗಿ ತಮ್ಮನ್ನು ತಾವು ನೋಡಿಕೊಂಡು ಬಂದರು. ಪರದೆಗೆ ಶಲ್ಯ ಹೊದಿಸುವುದು ಹೇಗೆಂದು ಥಿಯೇಟರಿನವರನ್ನು ವಿಚಾರಿಸಿದರಂತೆ. ಪ್ರತಿ ಚಿತ್ರಕ್ಕೂ ನಾನು ಬೆತ್ತ ಹಿಡಿದು ಹೋದೆ. ಬೆತ್ತ ಹಿಡಿದವರು ಪರದೆಯ ಮೇಲೆ ಬಂದರು, ನಶ್ಯ ಸೇದುವವರೂ ಬಂದರು. ನಾನು ಬರಲಿಲ್ಲ.

ಈ ನಡುವೆ ಮಾವನವರು ಹಾಸಿಗೆ ಹಿಡಿದರು. ಬಸಲಿಂಗ ಪುಣೆಯಿಂದ ಓಡಿ ಬಂದ. ಕೊನೆಯ ಗಳಿಗೆಯಲ್ಲಿ ನಾವೆಲ್ಲ ಸುತ್ತ ಇದ್ದೆವು. ನೀಲವ್ವ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಬಸಲಿಂಗ ಕಾಲಬುಡದಲ್ಲಿ ಕುಳಿತು ತಂದೆಯನ್ನೇ ನೋಡುತ್ತಿದ್ದ. ಒಂದು ಹನಿ ಕಣ್ಣೀರಿಲ್ಲ, ರೆಪ್ಪೆ ಬಡಿಯಲಿಲ್ಲ. ಈ ಒಂದು ವಿಷಯಕ್ಕೆ ನೀಲವ್ವ ತಮ್ಮನ ಜತೆ ಮಾತು ಬಿಟ್ಟಳು. ಅಪ್ಪ ಸಾಯುವಾಗಲೂ ಇವನು ತಮಾಷೆ ನೋಡಿದ ಎಂಬುದು ಅವಳ ದೂರು. ತಂದೆ ಹೋದ ಮೇಲೆ ಬಸಲಿಂಗನಿಗೆ ತನ್ನ ಮನೆಯವಳೆಂದು ಉಳಿದವಳು ಅಕ್ಕ ಒಬ್ಬಳೇ. ಅವನು ಬಂದಾಗ ಅವಳು ತಾಟು ಬಡಿಸಿಟ್ಟು ಒಳಗೆ ಹೋಗಿಬಿಡುವಳು. ನಾನು ಇಬ್ಬರ ನಡುವೆ ಟಪಾಲಿನವನಾದೆ. ಅವನು ರೊಟ್ಟಿ ಮುರಿಯುತ್ತ ಅಡಿಗೆಮನೆಯ ಬಾಗಿಲನ್ನೇ ನೋಡುವುದನ್ನು ಕಂಡು ನಾನು ಇನ್ನೊಂದು ರೊಟ್ಟಿ ಕೇಳಲು ಒಳಗೆ ಹೋಗಿಬರುತ್ತಿದ್ದೆ.

ವರ್ಷ ಕಳೆದಿರಬೇಕು, ಆಳಂದಕ್ಕೆ ತಂಬು ಟಾಕೀಸು ಬಂತು. ಬಸಲಿಂಗ ತಾನಾಗಿ ಬಂದು, ಈ ಚಿತ್ರವನ್ನು ಅಕ್ಕ ನೋಡಲೇಬೇಕು, ಹೇಗಾದರೂ ಕರೆತನ್ನಿ ಎಂದು ನನ್ನ ಕೈ ಹಿಡಿದ. ಅಕ್ಕಪಕ್ಕದ ಹೆಂಗಸರ ಜತೆ ಕೂಡಿಸಿ ಹೇಗೋ ಕರೆತಂದೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಚಾಪೆ ಹಾಸಿಕೊಂಡು ಕುಳಿತೆವು. ಬಸಲಿಂಗ ನನ್ನ ಪಕ್ಕದಲ್ಲಿದ್ದ. ಚಿತ್ರದಲ್ಲಿ ಅವನು ನಾಯಕನ ಮುದಿತಂದೆ, ಹಾಸಿಗೆಯಲ್ಲಿ ಸಾಯುತ್ತಿದ್ದಾನೆ. ಅವನು ಕೆಮ್ಮಿದನೋ ಇಲ್ಲವೋ, ಮಂದಿಯ ಹಳೆಯ ಚಟ ಎದ್ದಿತು. ಊರ ಲೆಕ್ಕದ ಪಟವಾರಿ ಎಂದು ಒಬ್ಬ ಕೂಗಿದ. ಅಲ್ಲ, ಎಣ್ಣೆಗಾಣದ ಮುದುಕಪ್ಪ ಎಂದು ಇನ್ನೊಬ್ಬ. ಒಂದೊಂದು ಹೆಸರಿಗೂ ತಂಬು ಹಾರಿ ಹೋಗುವಷ್ಟು ನಗೆ. ಪರದೆಯ ಮುದುಕ ಎದ್ದು ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ನೊಣ ಬೀಳದಿರಲೆಂದು ಅಂಗೈಯಿಂದ ಅದರ ಬಾಯಿ ಮುಚ್ಚಿ ಪಕ್ಕಕ್ಕಿಟ್ಟ. ತಲೆ ದಿಂಬಿಗೆ ಬಿತ್ತು. ಕೈ ತಂಬಿಗೆಯ ಮೇಲೆ ಹಾಗೆಯೇ ಉಳಿಯಿತು. ಜನ ಇನ್ನೂ ಹೆಸರು ಕೂಗುತ್ತಲೇ ಇದ್ದರು. ಬಸಲಿಂಗ ಮೊಣಕಾಲಲ್ಲಿ ಮುಖ ಹುದುಗಿಸಿದ್ದ.

ಆಗ ಹೆಂಗಸರ ಕಡೆಯಿಂದ ನೀಲವ್ವ ಎದ್ದು ನಿಂತಳು. ಅವಳು ಅಲ್ಲಿಯವರೆಗೆ ತುಂಬಿದ ಮಂದಿಯಲ್ಲಿ ಸೆರಗು ಸರಿಸಿ ಮಾತಾಡಿದವಳಲ್ಲ.

“ನಗಬ್ಯಾಡ್ರಿ. ಅಂವ ನಮ್ಮಪ್ಪ ಇದ್ದಾನ.”

ಅಷ್ಟೇ. ಅದೇ ಹೊತ್ತಿಗೆ ರೀಲು ಮುಗಿದು ಪೆಟ್ರೋಮ್ಯಾಕ್ಸು ಹೊತ್ತಿಸಿದರು. ಬೆಳಕಿನಲ್ಲಿ ಇಡೀ ತಂಬು ಬಸಲಿಂಗನನ್ನು ನೋಡಿತು. ಅವನು ಅಳುತ್ತಿದ್ದ. ತಂದೆಯ ಮುಂದೆ ಅಳದೆ ಉಳಿದದ್ದನ್ನೆಲ್ಲ ಅಲ್ಲಿ ಅತ್ತ. ಮರುದಿನ ನೀಲವ್ವ ತಾನೇ ಅವನೆದುರು ಕುಳಿತು ಬಿಸಿರೊಟ್ಟಿ ಬಡಿಸಿದಳು. “ಅಪ್ಪ ತಂಬಗಿ ಮುಚ್ಚಿದ್ದು ನಾ ಒಬ್ಬಾಕಿನ ನೋಡೇನಿ ಅಂತ ತಿಳದಿದ್ನಿ, ತಮ್ಮಾ” ಎಂದಳು. ನಾನು ಅಂಗಳಕ್ಕೆ ಹೋಗಿ ನಶ್ಯದ ನೆಪ ಮಾಡಿಕೊಂಡು ಕಣ್ಣೊರೆಸಿಕೊಂಡೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ನಮ್ಮ ಮಂದಿ ಒಳ್ಳೆಯವರು. ಒಮ್ಮೆ ತಪ್ಪು ತಿಳಿಯಿತೆಂದರೆ ಅತಿಯಾಗಿ ತಿದ್ದಿಕೊಳ್ಳುತ್ತಾರೆ. ಮುಂದಿನ ಚಿತ್ರದಲ್ಲಿ ಬಸಲಿಂಗ ಎಮ್ಮೆಯ ಮೇಲೆ ಹಿಂದುಮುಂದಾಗಿ ಕುಳಿತು ಬರುವ ಮದುಮಗ. ಆಳಂದದವರು ಟೋಪಿ ತೆಗೆದು, ಕೈಕಟ್ಟಿ, ಸಾವಿನ ಮನೆಗೆ ಬಂದವರಂತೆ ಕುಳಿತು ನೋಡಿದರು. ಯಾರೋ ಒಬ್ಬ ಹುಡುಗಾಟಿಕೆಗೆ ಕಿಸಕ್ಕೆಂದದ್ದಕ್ಕೆ ಹಿರಿಯರು ಗದರಿದರು. ಮದುವೆಗಳಿಗೂ ಅವನನ್ನು ಕರೆಯುವುದು ನಿಂತಿತು. ಶುಭಕಾರ್ಯದಲ್ಲಿ ಎದ್ದು ನಿಂತು ಯಾರ ಮನೆಯ ತೀರಿಕೊಂಡವರನ್ನು ಎಬ್ಬಿಸುತ್ತಾನೋ ಎಂಬ ಹೆದರಿಕೆ. ಎಲ್ಲರೂ ಅವನನ್ನು ‘ಬಸಲಿಂಗಪ್ಪನವರು’ ಎಂದು ಕರೆಯತೊಡಗಿದರು. ನಗಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು. ಅವನು ಬರುವುದೇ ಅಪರೂಪವಾಯಿತು. ಬಂದರೆ ಎಲ್ಲರಂತೆ ಮಳೆಬೆಳೆ ಮಾತಾಡಿ ಹೋಗುವನು. ಅವನ ಎಲ್ಲ ಪಾತ್ರಗಳಲ್ಲಿ ಅತ್ಯುತ್ತಮವಾದದ್ದು ಅವನನ್ನೇ ನಮ್ಮಿಂದ ಕಿತ್ತುಕೊಂಡಿತು.

ಕೊನೆಯ ಸಲ ಅವನನ್ನು ಸೋಲಾಪುರದ ಮೋಟಾರು ಹತ್ತಿಸಲು ಹೋದಾಗ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ನನ್ನಲ್ಲಿ ಅಣಕಿಸುವಂಥದ್ದು ಏನೂ ಇಲ್ಲವೇ ಎಂದೆ. ಅವನು ನಗಲಿಲ್ಲ.

“ಮಾಮಾ, ಮಂದಿ ಮೈಮರ್ತಾಗ ನಾ ಅವರನ್ನ ಹಿಡೀತೇನಿ. ನೀವು ಒಮ್ಮೆರ ಮೈ ಮರ್ತಿಲ್ರಿ. ನಾ ನೋಡಾಕತ್ತೇನಿ ಅನ್ನೂದು ನಿಮಗ ಸದಾ ಗೊತ್ತಿರ್ತದ. ಅಪ್ಪ ಸಾಯೂ ಮುಂದ ಸುದ್ದಾ ನನ್ನ ನೋಡಿ ನೀವು ರುಮಾಲು ಸರಿ ಮಾಡ್ಕೊಂಡ್ರಿ.”

ಮೋಟಾರು ಹೊರಟಿತು. ನಾನು ಅಲ್ಲೇ ನಿಂತೆ. ಮಾವ ಸಾಯುವಾಗ ನಾನು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ. ರುಮಾಲು ನೆನಪಿರಲಿಲ್ಲ. ಈಗ ಅದೂ ಮರೆಯದಂತಾಗಿದೆ. ಅಂದಿನಿಂದ ಮೈಮರೆಯುವುದನ್ನು ಬಹಳ ಎಚ್ಚರಿಕೆಯಿಂದ ಅಭ್ಯಾಸ ಮಾಡುತ್ತಿದ್ದೇನೆ. ಬೆತ್ತವನ್ನು ಅಟ್ಟಕ್ಕೆ ಹಾಕಿದೆ, ನಶ್ಯ ಬಿಟ್ಟೆ. ಮೊನ್ನೆ ರೊಟ್ಟಿ, ಪುಂಡಿಪಲ್ಯದ ರುಚಿಗೆ ಎಲ್ಲಿದ್ದೇನೆಂಬುದನ್ನೇ ಮರೆತು ಉಣ್ಣುತ್ತಿದ್ದೆನಂತೆ. ಮಜ್ಜಿಗೆ ಮೀಸೆಯಿಂದಿಳಿದು ಎದೆಗೆ ತೊಟ್ಟಿಕ್ಕುತ್ತಿದ್ದರೂ ಎಚ್ಚರವಿಲ್ಲ. ಎದುರಿಗೆ ಕುಳಿತ ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಾಗಲೇ ಗೊತ್ತಾದದ್ದು. ಕೊನೆಗೂ ಮೈಮರೆತೆನಲ್ಲ ಎಂದುಕೊಂಡೆ. ಬಸಲಿಂಗ ಕಂಡನೇನೋ ಎಂದು ತಟ್ಟನೆ ಬಾಗಿಲ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಮೀಸೆ ಒರೆಸಿಕೊಂಡು ನೆಟ್ಟಗೆ ಕುಳಿತೆ.